ಅಮ್ಮಣ್ಣಿಯ ತಟ್ಟೆಗೆ ಬಿದ್ದ ಮುಷ್ಟಿ

ಖದೀಜಳಿಗೆ ಸಿಟ್ಟು ಬಂತೆಂದರೆ ಸಿದ್ಧಕಟ್ಟೆ ಪೇಟೆಯ ಆಚೆ ತುದಿಗೂ ಗೊತ್ತಾಗುತ್ತಿತ್ತು. ಗಂಡ ಮೊಯಿದಿನಬ್ಬ ಮೀನಿನ ಸೈಕಲಿನ ಹಾರ್ನ್ ಒತ್ತದೆ ಮೆಲ್ಲ ಅಂಗಳಕ್ಕೆ ಬಂದನೆಂದರೆ ಒಳಗೆ ಅವಳು ಉರಿಯುತ್ತಿದ್ದಾಳೆಂದೇ ಅರ್ಥ. ಆದರೆ ಗೇರುಬೀಜದ ಕಾರ್ಖಾನೆಯಲ್ಲಿ ಮಾತ್ರ ಅವಳು ನಗುನಗುತ್ತ ಇದ್ದವಳು. ಆ ನಗುವನ್ನು ಕಿತ್ತುಕೊಂಡದ್ದು ಒಂದು ತಕ್ಕಡಿ.

ಅದಕ್ಕೆ ಮೊದಲು ಅಲ್ಲಿಯ ರೂಢಿಯೊಂದನ್ನು ಹೇಳಬೇಕು. ಬೀಜದ ಸಿಪ್ಪೆ ಸುಲಿಯುವ ಹೆಂಗಸರು ಸಾಲಾಗಿ ಕೂರುತ್ತಾರೆ, ಒಬ್ಬೊಬ್ಬರ ಎದುರು ಒಂದೊಂದು ತಟ್ಟೆ. ಸಂಜೆ ತಟ್ಟೆಯ ತೂಕ ನೋಡಿ ಕೂಲಿ. ಯಾರಿಗೆ ಜ್ವರವೋ, ಯಾರಿಗೆ ದಿನ ತುಂಬಿದೆಯೋ, ಅವರ ತಟ್ಟೆಗೆ ಆಚೀಚೆಯವರು ತಾವು ಸುಲಿದದ್ದರಲ್ಲಿ ಒಂದು ಮುಷ್ಟಿ ಹಾಕಬೇಕು. ಹಾಕಿದವಳು ಹೇಳಬಾರದು, ಉಳಿದವರು ನೋಡಬಾರದು. ತೊಂಬತ್ತೈದರ ಮಳೆಗಾಲದಲ್ಲಿ, ಮಗ ನೌಫಲ್ ಹೊಟ್ಟೆಯಲ್ಲಿದ್ದಾಗ, ಖದೀಜ ಕೂತಲ್ಲೇ ತೂಕಡಿಸುವಳು. ಎಚ್ಚರಾದರೆ ತಟ್ಟೆ ತುಂಬಿರುತ್ತಿತ್ತು. ಪಕ್ಕದ ಅಮ್ಮಣ್ಣಿ ಏನೂ ಅರಿಯದವಳಂತೆ ಗೋಡೆ ನೋಡುತ್ತಿದ್ದಳು.

ವರ್ಷಗಳು ಕಳೆದು ಅಮ್ಮಣ್ಣಿಯ ಬೆರಳುಗಳು ಸೊಟ್ಟಗಾದವು. ಒಂಟಿ ಜೀವ, ಆ ಜಾಗ ಹೋದರೆ ಗಂಜಿಗೆ ದಾರಿಯಿಲ್ಲ. ಈಗ ಮುಷ್ಟಿ ಹಾಕುವ ಸರದಿ ಖದೀಜಳದ್ದಾಯಿತು.

ಆ ಹೊತ್ತಿಗೆ ಯಜಮಾನರ ಮಗ ಶಿಶಿರ್ ಕಾರ್ಖಾನೆ ವಹಿಸಿಕೊಂಡ. ಪ್ರತಿ ತಟ್ಟೆಯ ಅಡಿಗೂ ತಕ್ಕಡಿ, ತಕ್ಕಡಿಯಿಂದ ವಯರು, ವಯರು ಹೋಗಿ ಸೇರುವುದು ಆಫೀಸಿನ ಕಂಪ್ಯೂಟರಿಗೆ. ಗೋಡೆಯ ಮೇಲೊಂದು ಬೋರ್ಡು, ಒಬ್ಬೊಬ್ಬಳಿಗೆ ಒಂದೊಂದು ದೀಪ. ಕೈ ಓಡಿದರೆ ಹಸಿರು, ಹಿಂದೆ ಬಿದ್ದರೆ ಕೆಂಪು. ಕೆಂಪಾಗಿಯೇ ಉಳಿದವಳು ಮನೆಗೆ.

"ಇಷ್ಟು ಲೈಟು ಹಾಕಿದ್ದಾರಲ್ಲ ಮಾರಾಯ್ತಿ, ಮದುಮಗಳು ಯಾರು?" ಎಂದು ಸಾಲಿನ ತುದಿಯಲ್ಲಿದ್ದ ನಬೀಸಾ ಎಲ್ಲರನ್ನೂ ನಗಿಸಿದಳು.

ಖದೀಜ ಎಂದಿನಂತೆ ಮುಷ್ಟಿ ಹಾಕುತ್ತಲೇ ಇದ್ದಳು. ತೂಕ ಅಂದರೆ ಸಂಜೆಗೆ ನೋಡುವುದು ಎಂದೇ ಅವಳ ಎಣಿಕೆ. ತಕ್ಕಡಿಯೋ, ಬೆಳಗಿನಿಂದ ಕಣ್ಣು ಮಿಟುಕಿಸದೆ ಕೂತಿತ್ತು.

ಒಂದು ಮಧ್ಯಾಹ್ನ ಶಿಶಿರ್ ಬಂದು ನಿಂತ. "ಖದೀಜಕ್ಕ, ನಿಮ್ಮ ತಟ್ಟೆಯಲ್ಲಿ ಇಳೀತದೆ, ಆಗಲೇ ಅಮ್ಮಣ್ಣಿಯದ್ದರಲ್ಲಿ ಏರ್ತದೆ. ಇದು ಕಳ್ಳತನ ಅಲ್ವಾ?"

ಖದೀಜ ಎದ್ದಳು.

"ಕಳ್ಳತನವಾ? ನಾನು ಸುಲಿದದ್ದು, ನಾನೇ ಕೊಟ್ಟದ್ದು. ನಿಮ್ಮ ಒಂದು ಬೀಜ ಬಾಗಿಲು ದಾಟಿದ್ದುಂಟಾ?"

"ಹಾಗಲ್ಲ. ಯಾರ ಕೈ ಎಷ್ಟು ಓಡ್ತದೆ ಅಂತ ಸಿಸ್ಟಮಿಗೆ ಗೊತ್ತಾಗಬೇಕು. ಅಮ್ಮಣ್ಣಿ ನಾಳೆಯಿಂದ ಬರುವುದು ಬೇಡ. ನಿಮ್ಮ ಕೈ ಒಳ್ಳೆದುಂಟು, ನೀವು ಕೂತ್ಕೊಳ್ಳಿ."

ಆ ಹೊಗಳಿಕೆ ಅವಳ ಮೈಗೆ ಬೆಂಕಿಯಿಟ್ಟಿತು. ತನ್ನ ತಟ್ಟೆಯನ್ನೆತ್ತಿ ಅಮ್ಮಣ್ಣಿಯ ತಟ್ಟೆಗೆ ಅಷ್ಟನ್ನೂ ಸುರಿದುಬಿಟ್ಟಳು. ಅಮ್ಮಣ್ಣಿಯ ದೀಪ ಹಸಿರಾಯಿತು.

"ನೋಡಿ, ನಿಮ್ಮ ಸಿಸ್ಟಮಿಗೆ ಈಗ ಅಮ್ಮಣ್ಣಿಯೇ ಮದುಮಗಳು!" ಎಂದವಳು ಸಾಲಿನ ಕಡೆ ತಿರುಗಿದಳು. "ಹಾಕಿ! ಅಮ್ಮಣ್ಣಿಯಕ್ಕನ ಮುಷ್ಟಿ ಬೀಳದ ತಟ್ಟೆ ಯಾರದ್ದುಂಟು ಇಲ್ಲಿ? ಒಬ್ಬೊಬ್ಬರೂ ಹಾಕಿ!"

ನಬೀಸಾಳ ಕೈ ತುಸು ಮೇಲೆದ್ದಿತು. ಕಣ್ಣು ತನ್ನ ದೀಪದತ್ತ ಹೋಯಿತು. ಕೈ ಮತ್ತೆ ಸಿಪ್ಪೆ ಸುಲಿಯುವ ಚೂರಿಗೆ ಮರಳಿತು. ಸಾಲಿಗೆ ಸಾಲೇ ತಲೆ ತಗ್ಗಿಸಿ ಸುಲಿಯುತ್ತಿತ್ತು. ಹಳೆಯ ರೂಢಿಯಲ್ಲಿ ನೋಡಬಾರದೆಂಬುದೊಂದೇ ಉಳಿದಿತ್ತು.

"ನಿನ್ನದನ್ನು ಯಾಕೆ ಕಳ್ಕೊಳ್ತೀ ಮಗಾ, ಕೂತ್ಕೊ" ಎಂದು ಅಮ್ಮಣ್ಣಿ ಸೆರಗು ಎಳೆದಳು.

"ಏಳಿ ಅಮ್ಮಣ್ಣಿಯಕ್ಕ. ಹೋಗುವ."

ಅಂದಿನಿಂದ ಖದೀಜಳ ಜಗಲಿಯಲ್ಲಿ ಇಬ್ಬರೂ ಬೀಡಿ ಕಟ್ಟುತ್ತಾರೆ. ಒಂದು ಮೊರದಿಂದ ಇನ್ನೊಂದಕ್ಕೆ ಬೀಡಿಯ ಮುಷ್ಟಿ ದಾಟುತ್ತದೆ. ಬೆಳಿಗ್ಗೆ ಕಾರ್ಖಾನೆಯ ಹೆಂಗಸರ ಬಸ್ಸು ಅದೇ ದಾರಿಯಲ್ಲಿ ಹೋಗುತ್ತದೆ. ನಬೀಸಾ ಕಿಟಕಿಯಿಂದ ಕೈ ಬೀಸುತ್ತಾಳೆ. ಅಮ್ಮಣ್ಣಿಯೂ ಸೊಟ್ಟ ಬೆರಳಲ್ಲೇ ಬೀಸುತ್ತಾಳೆ.

"ಪಾಪ, ಅವಳಿಗೂ ಮಕ್ಕಳುಂಟಲ್ಲ ಖದೀಜ."

"ನನಗೆ ಇರಲಿಲ್ವಾ?" ಎನ್ನುತ್ತಾಳೆ ಖದೀಜ. ಎಲೆ ಕತ್ತರಿಸುವ ಕತ್ತರಿ ಕಚಕಚ ಎನ್ನುತ್ತದೆ. ಬಸ್ಸು ತಿರುವು ದಾಟುವವರೆಗೂ ಅವಳು ತಲೆ ಎತ್ತುವುದಿಲ್ಲ.