ಶನಿವಾರದ ಮುದ್ದೆ

ಮಕ್ಕಳಿಗೆ ಕನ್ನಡ ಕಲಿಸುವ ನಾನು ಏಳನೇ ತರಗತಿಯಲ್ಲಿ ಫೇಲಾದವನು ಎಂದರೆ ನಮ್ಮ ಶಾಲೆಯಲ್ಲಿ ಯಾರೂ ನಂಬುವುದಿಲ್ಲ. ಫೇಲಾದದ್ದು ಮುದ್ದೆಯಲ್ಲಿ ಎಂದರೆ ತಕ್ಷಣ ನಂಬುತ್ತಾರೆ.

ಮಾಲೂರಿನ ಹತ್ತಿರ, ಇಟ್ಟಿಗೆ ಗೂಡುಗಳ ನಡುವೆ ಇರುವ ಗಂಡುಮಕ್ಕಳ ಕ್ರೈಸ್ತ ಶಾಲೆ ನಮ್ಮದು. ನಾನು ಓದಿದ್ದೂ ಅಲ್ಲೇ, ಈಗ ಮೇಷ್ಟ್ರಾಗಿರುವುದೂ ಅಲ್ಲೇ. ಅಜ್ಜಂದಿರ ಕಾಲದಲ್ಲಿ ಅದನ್ನು ಕಟ್ಟಿಸಿದ ಪಾದ್ರಿಗಳು ಪರದೇಶದವರು. ಆಗ ಇದ್ದದ್ದು ಹೆಂಚಿನ ಒಂದೇ ಕೋಣೆ. ಅದರ ಇಟ್ಟಿಗೆ ಹೊತ್ತವರು ಮೊದಲ ತಂಡದ ಹುಡುಗರೇ. ಹಣೆಗೆ ವಿಭೂತಿ ಇಟ್ಟುಕೊಂಡು ಬಂದ ರೈತರ ಮಕ್ಕಳು ಬೆಳಗ್ಗೆ ಯೇಸುವಿನ ಹಾಡು ಹೇಳುತ್ತಿದ್ದರು. ಈಗಲೂ ಹೇಳುತ್ತಾರೆ, ಪಾದ್ರಿಗಳಿಗೂ ವಿಭೂತಿಗೂ ಏನೂ ತಕರಾರಿಲ್ಲ. ಆ ಪುಣ್ಯಾತ್ಮರು ಪ್ರೋಗ್ರೆಸ್ ಕಾರ್ಡಿನಲ್ಲಿ ನಾಲ್ಕು ಕಲಂ ಹಾಕಿಸಿದ್ದರು: ಓದು, ಆಟ, ಹಾಡು, ಕೈಕೆಲಸ. ಒಂದರಲ್ಲಿ ಬಿದ್ದರೂ ಬಿದ್ದಂತೆಯೇ. ಕೈಕೆಲಸ ಎಂದರೆ ಬಡಗಿ ಕೆಲಸ, ತೋಟ, ಮತ್ತು ಶನಿವಾರ ಇಡೀ ಹಾಸ್ಟೆಲಿಗೆ ರಾಗಿಮುದ್ದೆ ತಿರುವುವುದು.

ನಾನು ತಿರುವಿದ ಮುದ್ದೆಯನ್ನು ಅಡುಗೆಯ ಮರಿಯಮ್ಮಕ್ಕ ಮುರಿದು ನೋಡಿದರು. ಒಳಗೆಲ್ಲ ಹಸಿ ಹಿಟ್ಟಿನ ಗಂಟು. "ದೇವುಡಾ! ಏನ್ಲಾ ಇದು, ಗೋಲಿ ಆಡಕ್ಕೆ ಮಾಡಿದ್ದಾ?" ಎಂದರು. ದಸರಾ ರಜೆಯಲ್ಲಿ ಒಂದು ವಾರ ಊರಿಗೆ ಹೋಗದೆ, ಕೋಲು ಹಿಡಿದು, ಬೆವರು ಸುರಿಸಿ ಪಾಸಾದೆ. ಮುದ್ದೆಗೆ ಸಪ್ಲಿಮೆಂಟರಿ ಕಟ್ಟಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಆದರೆ ಬಾರದ ಕೆಲಸವನ್ನು ನಾಲ್ಕು ಜನರೆದುರು ಮಾಡುತ್ತ ನಿಲ್ಲುವ ಧೈರ್ಯ ನನಗೆ ಬಂದದ್ದು ಆ ವಾರವೇ. ಯಾವ ಪಾಠದಿಂದಲೂ ಅದು ಬಂದಿರಲಿಲ್ಲ.

ಈ ವರ್ಷ ಆ ಶನಿವಾರಕ್ಕೇ ಕುತ್ತು ಬಂತು. ಹತ್ತನೇ ತರಗತಿಗೆ ಕೈಕೆಲಸ ತೆಗೆದುಹಾಕಿ ಗಣಿತದ ಕೋಚಿಂಗ್ ಇಡಿ ಎಂದು ಪೋಷಕರು ಪಟ್ಟು ಹಿಡಿದರು. ಇಂದು ಹತ್ತನೆಯವರಿಗೆ ಹೋದದ್ದು ನಾಳೆ ಒಂಬತ್ತನೆಯವರಿಗೂ ಹೋಗುತ್ತದೆ. ಕೊನೆಗೆ ಉಳಿಯುವುದು ಖಾಲಿ ಕಲಂ. ಏನಾದರಾಗಲಿ, ಬಿಟ್ಟುಕೊಡುವುದಿಲ್ಲ ಎಂದು ನಿಶ್ಚಯಿಸಿದೆ. ಪಾದ್ರಿಗಳ ಸರ್ವಾಂಗೀಣ ಶಿಕ್ಷಣದ ಮೇಲೆ ಎಂಟು ಪುಟದ ಭಾಷಣ ಬರೆದುಕೊಂಡು ಸಭೆಗೆ ಹೋದೆ.

ಮೊದಲ ಪುಟ ಮುಗಿಯುವ ಮುಂಚೆಯೇ ಹುತ್ತೂರಿನ ನಾರಾಯಣಪ್ಪ ಎದ್ದು ನಿಂತರು. ರೇಷ್ಮೆ ಹುಳು ಸಾಕುವವರು. ಅವರ ಮಗ ಮಂಜ ಹತ್ತನೇ ತರಗತಿ, ಗಣಿತದಲ್ಲಿ ಹಿಂದೆ.

"ಸಾರ್, ಮುದ್ದೆ ಮಾಡಕ್ಕೆ ಮನೇಲಿ ಹೆಂಗಸ್ರವ್ರೆ. ಮಾರ್ಕ್ಸ್ ತರಕ್ಕೆ ಇವ್ನೊಬ್ನೇ ಇರೋದು."

ಚಪ್ಪಾಳೆ ಬಿತ್ತು. ನಾನು ಭಾಷಣವನ್ನು ಮಡಚಿ ಜೇಬಿಗಿಟ್ಟೆ.

"ನಾರಾಯಣಪ್ಪನೋರೆ, ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ತೀರಾ?" ಎಂದು ಕೇಳಿದೆ. ಹುಳು ಪೊರೆ ಬಿಡುವ ಮುನ್ನ ಮೇವು ನಿಲ್ಲಿಸಿ ಸುಮ್ಮನಿರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ.

"ಅದೆಂಗೆ ಹಾಕ್ತಾರೆ ಸಾರ್? ಬೆಳೆ ಕೆಡ್ತದೆ."

"ಮತ್ತೆ ಮಂಜಂಗೆ ಮಾತ್ರ ಏಳು ದಿನಾನೂ ಸೊಪ್ಪು ಹಾಕಿ ಅಂತೀರಲ್ಲ?"

ಸಭೆ ನಕ್ಕಿತು. ನಾರಾಯಣಪ್ಪ ನಗಲಿಲ್ಲ. "ಆಯ್ತು, ಶನಿವಾರ ನೀವೇ ಇಟ್ಕಳಿ. ಇವ್ನು ಮ್ಯಾತ್ಸಲ್ಲಿ ಫೇಲಾದ್ರೆ ನಿಮ್ಮನ್ನೇ ಕೇಳ್ತೀನಿ."

"ಕೇಳಿ," ಅಂದುಬಿಟ್ಟೆ. ಹೆಡ್ಮಾಸ್ಟರು ಅದನ್ನೇ ಸಭೆಯ ನಿರ್ಣಯವಾಗಿ ಬರೆಸಿಕೊಂಡರು.

ಗಣಿತದ ಮೇಷ್ಟ್ರು ಸಂಜೆಯ ರೈಲು ಹಿಡಿದು ಬೆಂಗಳೂರಿಗೆ ಹೋಗಿಬಿಡುತ್ತಾರೆ. ಹೀಗಾಗಿ ಶಾಲೆ ಬಿಟ್ಟ ಮೇಲೆ ಮಂಜನ ಜೊತೆ ಕೂರುವವನು ನಾನೇ. ಹಳಗನ್ನಡ ಬಿಡಿಸುವವನಿಗೆ ಬೀಜಗಣಿತದ ಉಸಾಬರಿ ಯಾಕೆ ಎಂದು ಹೆಂಡತಿ ಕೇಳುತ್ತಾಳೆ. ತುಂಬಿದ ಸಭೆಯಲ್ಲಿ ಒಪ್ಪಿಕೊಂಡವನು ನಾನೇ ಅಲ್ಲವೇ. ಮಧ್ಯಾಹ್ನ ಗಣಿತದ ಮೇಷ್ಟ್ರ ಹತ್ತಿರ ಕಲಿತು, ಸಂಜೆ ಕಲಿಸುತ್ತೇನೆ. ಎರಡು ತಿಂಗಳಾಯಿತು, ಒಂದು ದಿನವೂ ತಪ್ಪಿಸಿಲ್ಲ.

ನಿನ್ನೆ ಒಂದು ಲೆಕ್ಕವನ್ನು ಮೂರು ಸಲ ಒರೆಸಿ ಬರೆದರೂ ಉತ್ತರ ಬರಲಿಲ್ಲ. ಮಂಜ ಎದ್ದು ಬಂದ. ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಎರಡೇ ಸಾಲಿನಲ್ಲಿ ಮುಗಿಸಿದ. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು.

"ಬೇಜಾರ್ ಮಾಡ್ಕಬೇಡಿ ಸಾರ್," ಎಂದ, "ನಿಮ್ಗೂ ಬರ್ತದೆ. ನಾಳೆ ಇನ್ನೊಂದ್ಸಲ ಹೇಳ್ಕೊಡ್ತೀನಿ."