ಅಕ್ಕನ ಕುರ್ಚಿಯ ನಾಲ್ಕನೇ ಗಾಲಿ

ಬೀದಿಯವರು ಅವನಿಗೆ ಇಟ್ಟ ಹೆಸರು ನಾಳೆ ಮೇಸ್ತ್ರಿ. ಹೊಟ್ಟೆಕಿಚ್ಚಿನಿಂದ ಇಟ್ಟದ್ದೇನಲ್ಲ, ಅವನೇ ಬೆವರು ಸುರಿಸಿ ಸಂಪಾದಿಸಿಕೊಂಡ ಬಿರುದು. ಯಾರು ಏನು ಮುರಿದುಕೊಂಡು ತಂದರೂ ತಿರುಗಿಸಿ ನೋಡಿ, ಹೆಬ್ಬೆರಳಲ್ಲಿ ಒತ್ತಿ, "ನಾಳೆ ಬನ್ನಿ" ಅನ್ನುತ್ತಿದ್ದ. ಯಾಕೆಂದು ಕೇಳಿದರೆ, "ಅಂಟು ಒಣಗಬೇಡ್ವಾ?" ಎಂಬ ಉತ್ತರ ಸಿದ್ಧ. ಅಂಟೇ ಬೇಡದ ಕೆಲಸಕ್ಕೂ ಅದೇ ಉತ್ತರ.

ಅಕ್ಕನ ಕುರ್ಚಿ ಬಂದ ದಿನ ಮಾತ್ರ ಆ ಮಾತು ಬಾಯಿಗೆ ಬರಲಿಲ್ಲ. ಅಕ್ಕ ಎರಡು ಬೀದಿ ಆಚೆ ಬಟ್ಟೆ ಹೊಲಿಯುವವಳು. ಚಿಕ್ಕಂದಿನಲ್ಲಿ ಮೆಟ್ಟಿಲಿನಿಂದ ಬಿದ್ದು ಒಂದು ಮೊಣಕಾಲು ಮಡಚದಂತಾಗಿತ್ತು. ಅವರಿಬ್ಬರ ಅಪ್ಪನೂ ಅವನ ಹಾಗೆ ಬಡಗಿಯೇ. ಅವಳು ಹೊಲಿಗೆ ಕಲಿತ ವರ್ಷ ಒಂದು ಮರದ ಕುರ್ಚಿ ಮಾಡಿ, ನಾಲ್ಕು ಕಾಲಿಗೂ ಗಾಲಿ ಕೂರಿಸಿ ಕೊಟ್ಟಿದ್ದರು. ಅವತ್ತಿನಿಂದ ಅಂಗಡಿಯಲ್ಲಿ ಅವಳ ಓಡಾಟವೆಲ್ಲ ಕೂತಲ್ಲಿಂದಲೇ. ಈಗ ಮುಂದಿನ ಬಲಗಾಲು, ಗಾಲಿ ಕೂರುವ ತೂತಿನಿಂದ ಒಂದು ಗೇಣು ಮೇಲಕ್ಕೆ ಸೀಳಿಬಿಟ್ಟಿತ್ತು.

"ನೋಡಪ್ಪಾ," ಎಂದಿದ್ದಳು ಅಕ್ಕ. "ಇದು ಸರಿಹೋದ್ರೆ ಸರಿ. ಇಲ್ಲಾಂದ್ರೆ ಮಿಷನ್ ಮಾರಿ ಮನೇಲಿ ಸುಮ್ನೆ ಕೂತ್ಕೋತೀನಿ. ಬೇರೆ ಕುರ್ಚಿ ಗಿರ್ಚಿ ಎಲ್ಲಾ ನೋಡಿದ್ದಾಯ್ತು, ನನ್ನ ಕಾಲಿಗೆ ಒಗ್ಗಲ್ಲ."

ಅಕ್ಕ ಸುಮ್ಮನೆ ಕೂತದ್ದನ್ನು ಅವನು ಈ ಜನ್ಮದಲ್ಲಿ ಕಂಡಿರಲಿಲ್ಲ. ಹಾಗೆ ಕೂತರೆ ಆರು ತಿಂಗಳಲ್ಲಿ ಸೊರಗಿ ಹೋಗುತ್ತಾಳೆ ಎಂದು ಅವನಿಗೆ ನಿಜಕ್ಕೂ ಭಯವಾಯಿತು.

ಅವತ್ತೇ ಶುರು ಮಾಡಿದ. ಗಾಲಿ ಕಿತ್ತು, ಸೀಳಿನೊಳಗಿನ ಹಳೇ ಕೊಳೆಯನ್ನೆಲ್ಲ ಕೆರೆದು, ತೆಳ್ಳನೆಯ ಕಡ್ಡಿಯಿಂದ ಅಂಟು ತುಂಬಿ, ಎರಡು ಕ್ಲಾಂಪು ಬಿಗಿದ. ಮಾರನೇ ದಿನ, ಸವೆದು ದೊಗಳೆಯಾಗಿದ್ದ ತೂತಿಗೆ ಗಟ್ಟಿ ಮರದ ಗೂಟ ಹೊಡೆದು, ಅದರ ನಟ್ಟನಡುವೆ ಹೊಸ ತೂತು ಕೊರೆದು ಗಾಲಿ ಕೂರಿಸಿದ. ಇಷ್ಟಕ್ಕೆ ಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಕೈ ಸುಮ್ಮನಿರಬೇಕಲ್ಲ, ಉಳಿದ ಗಾಲಿಗಳಿಗೂ ಎಣ್ಣೆ ಬಿಡಲು ಹೋದ. ಹಿಂದಿನ ಎಡಗಾಲಿನ ಗಾಲಿ ಅಲ್ಲಾಡಲೇ ಇಲ್ಲ. ನೋಡಿದರೆ, ಗಾಲಿ ಉರುಳದಂತೆ ಅಡ್ಡಲಾಗಿ ಒಂದು ಮೊಳೆ.

ಕಾಲು ಸೀಳಿದ್ದು ಯಾಕೆಂದು ಅವನಿಗೆ ತಕ್ಷಣ ಹೊಳೆಯಿತು. ಒಂದು ಗಾಲಿ ಬಿಗಿದುಕೊಂಡರೆ ತಿರುಗಿದಾಗಲೆಲ್ಲ ತಿರುಚುವ ಭಾರವೆಲ್ಲ ಎದುರು ಮೂಲೆಯ ಕಾಲಿಗೆ. ಇಕ್ಕಳ ಹಾಕಿ ಮೊಳೆ ಕಿತ್ತು ಡಬ್ಬಿಗೆ ಎಸೆದ. ನಿಮ್ಮಪ್ಪನ ಕೈ ಎಲ್ಲಿ, ನಿನ್ನ ಕೈ ಎಲ್ಲಿ ಎಂದು ಊರೆಲ್ಲ ಹೇಳುತ್ತಿತ್ತು. ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವಳು ಅಕ್ಕನೇ.

"ನಮ್ಮಪ್ಪನೂ ಒಂದೊಂದ್ಸಲ ಹೀಗೆ ಮೊಳೆ ಹೊಡೆದು ಕೈ ತೊಳ್ಕೊಳ್ಳೋ ಕೆಲಸ ಮಾಡ್ತಿದ್ರು ಕಣೇ," ಎಂದು ಹೆಂಡತಿಗೆ ಹೇಳುವಾಗ ಅವನಿಗೆ ಒಳಗೊಳಗೇ ಖುಷಿ.

ಕುರ್ಚಿ ಅಕ್ಕನ ಅಂಗಡಿ ಸೇರಿತು. ಅಕ್ಕ ಕೂತು, ಸೂಜಿಯ ಕೆಳಗೆ ಅಂಗಿಯ ತೋಳು ಇಟ್ಟು, ಪೆಡಲು ಒತ್ತಿದಳು. ಮಿಷನ್ ಇದ್ದಲ್ಲೇ ಇತ್ತು, ಅಕ್ಕ ಹಿಂದಕ್ಕೆ ಹೊರಟಳು. ಮತ್ತೆ ಎಳೆದುಕೊಂಡು ಬಂದು ಒತ್ತಿದಳು, ಮತ್ತೆ ಹೊರಟಳು. ಮೂರನೇ ಸಲ ಬಟ್ಟೆ ಕತ್ತರಿಸುವ ಮೇಜಿಗೆ ಹೋಗಿ ಬಡಿದಾಗ ಅವನಿಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. ಅಂಗಿಯನ್ನು ಮಡಚಿಟ್ಟು, ಮಿಷನ್ನಿಗೆ ಮುಸುಕು ಹಾಕಿದಳು.

"ನೀನು ಚೆನ್ನಾಗೇ ಮಾಡಿದ್ದೀಯ ಬಿಡು. ನನ್ನ ಕಾಲಲ್ಲೇ ಕಸುವು ಹೋಯ್ತೇನೋ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ತಲೆ ತಗ್ಗಿಸಿದ. ಆಗ ಕಂಡಿತು ನೆಲ. ಮಿಷನ್ನಿನ ಮುಂದೆ ಅಂಗೈ ಅಗಲದ ಒಂದು ಸಣ್ಣ ಗುಳಿ, ಅದರ ಸುತ್ತ ಬಳೆಯಂತೆ ಸವೆದ ಗೆರೆ. ಇಷ್ಟು ವರ್ಷ ಅದನ್ನು ತುಳಿದುಕೊಂಡೇ ಓಡಾಡಿದ್ದ. ಮೊಳೆ ಹೊಡೆದ ಗಾಲಿ ಆ ಗುಳಿಯಲ್ಲಿ ಕದಲದೆ ನಿಲ್ಲುತ್ತಿತ್ತು, ಉಳಿದ ಮೂರು ಅದನ್ನು ಸುತ್ತುತ್ತಿದ್ದವು. ಈ ಕಡೆ ಮಿಷನ್, ಹಿಂದೆ ಮೇಜು, ಆ ಕಡೆ ಇಸ್ತ್ರಿ ಪೆಟ್ಟಿಗೆ, ಎಲ್ಲವೂ ಕೈಯಳತೆಗೆ.

"ಅಕ್ಕಾ, ತಪ್ಪು ನಿನ್ನ ಕಾಲಿಂದಲ್ಲ, ನಂದು. ಮುಸುಕು ತೆಗಿ, ಈಗ ಬಂದೆ," ಎಂದವನೇ ಕುರ್ಚಿ ಹೊತ್ತು ಹೊರಟ.

ಡಬ್ಬಿ ಸುರುವಿ ನೂರಾರು ಮೊಳೆಗಳ ನಡುವೆ ತಾನು ಕಿತ್ತೆಸೆದದ್ದನ್ನು ಹುಡುಕಿದ. ಸಿಕ್ಕಾಗ ಬೆಳಕಿಗೆ ಹಿಡಿದು ನೋಡಿದ. ಬಟ್ಟೆಗೆ ತಗುಲದಿರಲೆಂದು ಅದರ ತಲೆಯನ್ನು ಅಪ್ಪ ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು. ಹೆಂಡತಿಗೆ ಹೇಳಿದ ಮಾತು ನೆನಪಾಗಿ ನಾಚಿಕೆಯಾಯಿತು. ಮೊಳೆಯನ್ನು ಅದೇ ತೂತಿಗೆ ಹೊಡೆದ. ರಿಪೇರಿಯಾದ ಕಾಲು ಮತ್ತೆ ತಿರುಚದಿರಲೆಂದು ಸುತ್ತ ಕಬ್ಬಿಣದ ಪಟ್ಟಿ ಬಿಗಿದು, ಅದರ ಅಂಚನ್ನೂ ನುಣ್ಣಗೆ ಉಜ್ಜಿದ.

ಅಕ್ಕ ಕೂತಳು, ಪೆಡಲು ಒತ್ತಿದಳು. ಕುರ್ಚಿ ಕದಲಲಿಲ್ಲ. ತೋಳು ಮುಗಿಸಿ ಮೇಜಿಗೆ ತಿರುಗಿದಳು, ಅಲ್ಲಿಂದ ಇಸ್ತ್ರಿಗೆ, ಇಸ್ತ್ರಿಯಿಂದ ಮತ್ತೆ ಮಿಷನ್ನಿಗೆ. ಸುಮ್ಮನೆ ಇನ್ನೊಂದು ಸುತ್ತು ಬಂದಳು.

"ಅಪ್ಪ ಇದನ್ನ ಮೂರು ಸಲ ತಗೊಂಡೋಗಿ ಸರಿ ಮಾಡ್ಕೊಂಡು ಬಂದಿದ್ರು ಕಣೋ," ಎಂದಳು, ದಾರ ಪೋಣಿಸುತ್ತ. "ನಿಂದು ಎರಡೇ ಸಲಕ್ಕೆ ಆಯ್ತು."

ಮೇಸ್ತ್ರಿ ಕಣ್ಣಿಗೆ ಬಿದ್ದ ಮರದ ಹುಡಿ ಒರೆಸಿಕೊಂಡ. ಅವನ ಕಣ್ಣಿನಲ್ಲಿ ಹುಡಿ ಇರಲಿಲ್ಲ. ಅಂಗಡಿಯಲ್ಲಿ ಇನ್ನೇನು ಮುರಿದಿದೆ ಎಂದು ಕೇಳಿದ.

"ಆ ಸ್ಟೂಲು ಅಲ್ಲಾಡುತ್ತೆ. ನಾಳೆ ನೋಡಿದ್ರಾಯ್ತು ಬಿಡು."

"ಈಗ್ಲೇ ಕೊಡು," ಎಂದ ನಾಳೆ ಮೇಸ್ತ್ರಿ.