ಫೋನಿನಲ್ಲಿ ಹೇಳುವ ಮಾತಲ್ಲ

ಒಡಹುಟ್ಟಿದ ಅಕ್ಕನನ್ನು ನಾನು ಗೇಟಿನಿಂದಲೇ ವಾಪಸ್ ಕಳಿಸಿದೆ. ಒಂದು ಲೋಟ ನೀರೂ ಕೊಡದೆ.

ಯಾಕೆ ಎಂದು ಹೇಳುತ್ತೇನೆ. ಇಷ್ಟು ದಿನ ಈ ಅಂಕಣ ಯಾಕೆ ಬರಲಿಲ್ಲ ಎಂದು ಫೋನ್ ಮಾಡಿ ವಿಚಾರಿಸಿದ ಓದುಗರಿಗೂ ಇದೇ ಉತ್ತರ.

ನನ್ನ ಹೆಂಡತಿ ಶೈಲಾಗೆ ಎದೆಯಲ್ಲಿ ಗಂಟು ಕಾಣಿಸಿತು. ಪರೀಕ್ಷೆ ಮಾಡಿ ಕ್ಯಾನ್ಸರ್ ಅಂದರು. ಆಪರೇಷನ್ ಆಯಿತು. ಮೂರು ವಾರಕ್ಕೊಮ್ಮೆ ಕೀಮೋ ಶುರುವಾಯಿತು. ಬರೆಯಲು ನಾಲ್ಕು ಸಾಲು ಸಾಕಾಯಿತು ನೋಡಿ.

ಮೊದಲ ಕೀಮೋ ಆದ ಮೇಲೆ ಬಳ್ಳಾರಿ ಪಾರ್ವತಿನಗರದ ನಮ್ಮ ಮನೆಯಲ್ಲಿ ಒಗ್ಗರಣೆ ನಿಂತಿತು. ಸಾಸಿವೆ ಸಿಡಿದರೆ ಸಾಕು, ಶೈಲಾ ಬಚ್ಚಲಿಗೆ ಓಡುತ್ತಿದ್ದಳು. ಇಪ್ಪತ್ತೆಂಟು ವರ್ಷ ಅಡುಗೆಮನೆಗೆ ನೀರು ಕುಡಿಯಲು ಮಾತ್ರ ಹೋಗುತ್ತಿದ್ದ ನಾನು ಗಂಜಿ ಕಾಯಿಸಲು ಕಲಿತೆ. (ಮೊದಲ ದಿನದ ಗಂಜಿಯಲ್ಲಿ ಗೋಡೆಗೆ ಪೋಸ್ಟರ್ ಅಂಟಿಸಬಹುದಿತ್ತು. ಅವಳು ಅದನ್ನೂ ಕುಡಿದಳು.) ಬಾಯೊಳಗೆಲ್ಲ ಕಬ್ಬಿಣ ನೆಕ್ಕಿದ ಹಾಗಿದೆ ಎನ್ನುತ್ತಿದ್ದಳು. ಬೆಳಿಗ್ಗೆ ಎದ್ದರೆ ದಿಂಬಿನ ತುಂಬ ಕೂದಲು. ಅವಳಿಗಿಂತ ಮೊದಲು ಎದ್ದು ಅದನ್ನು ಝಾಡಿಸುವುದು ನನ್ನ ಕೆಲಸ.

ಬಂಧುಗಳು ಬಂದರು. ನಮ್ಮ ಕಡೆ ಯಾರಿಗಾದರೂ ಹುಷಾರಿಲ್ಲ ಅಂದರೆ ಹೋಗಿ ‘ನೋಡಿ ಬರಬೇಕು’ ತಾನೇ? ಎಳನೀರು, ಮೋಸಂಬಿ, ಬ್ರೆಡ್ಡು ಟೇಬಲ್ ತುಂಬಿತು. ಕುರುಗೋಡಿನಿಂದ ಶೈಲಾಳ ಚಿಕ್ಕಮ್ಮ ಬಂದರು. ಅವಳನ್ನು ತಬ್ಬಿಕೊಂಡು ಗಳಗಳ ಅತ್ತರು. ಅಳುವಿನ ನಡುವೆ ಎರಡು ಸಲ ಸೀನಿದರು. ನಾನು ನೋಡಿದೆ. ಸುಮ್ಮನಿದ್ದೆ. ಹಿರಿಯರಿಗೆ ಏನಂತ ಹೇಳುವುದು?

ಮೂರನೇ ದಿನ ಶೈಲಾಗೆ ಚಳಿಜ್ವರ. ಬಿಳಿ ರಕ್ತಕಣಗಳು ಪೂರ್ತಿ ಇಳಿದಿವೆ ಅಂದರು. ಐದು ದಿನ ಆಸ್ಪತ್ರೆ. ಎರಡನೇ ಕೀಮೋ ಮುಂದಕ್ಕೆ ಹೋಯಿತು. “ಮಂದಿನ್ನ ಯಾಕ್ರೀ ಒಳಗ ಬಿಟ್ಕಂಡ್ರಿ?” ಎಂದು ಡಾಕ್ಟರು ನನ್ನನ್ನು ಬೈದರು.

ಅವತ್ತಿನಿಂದ ನಾನು ಮನೆಯ ವಾಚ್‌ಮನ್. ಫ್ಯಾಮಿಲಿ ಗ್ರೂಪಿನಲ್ಲಿ ವಾಟ್ಸಾಪ್ ಮೆಸೇಜ್ ಹಾಕಿದೆ: ‘ದಯವಿಟ್ಟು ಯಾರೂ ಬರಬೇಡಿ. ಫೋನ್ ಮಾಡಿ ಸಾಕು.’ ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿ ಒಪ್ಪಿಕೊಂಡರು.

ಅಕ್ಕನ ಹತ್ತಿರ ಇರುವುದು ಬಟನ್ ಫೋನು. ಅವಳಿಗೆ ಆ ಮೆಸೇಜ್ ಹೋಗಲೇ ಇಲ್ಲ.

ಅಕ್ಕ ಇರುವುದು ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿ. ಅವ್ವ ತೀರಿಕೊಂಡ ಮೇಲೆ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು. ಭತ್ತದ ನಾಟಿ ಬಿಟ್ಟು, ಎರಡು ಬಸ್ಸು ಹತ್ತಿಳಿದು, ಸುಡುವ ಬಿಸಿಲಲ್ಲಿ ಬಂದು ಗೇಟಿನ ಮುಂದೆ ನಿಂತಳು.

“ಹೆಂಗದಾಳ ತಮ್ಮಾ ಶೈಲಾ?”

“ಅದಾಳಕ್ಕಾ. ಯಾರನ್ನೂ ಒಳಗ ಬಿಡಬ್ಯಾಡ ಅಂದಾರ ಡಾಕ್ಟ್ರು.”

“ನಾ ಯಾರೋ ಆದ್ನೇನು?”

“ಹಂಗಲ್ಲಕ್ಕಾ...”

“ಕೈಕಾಲು ತೊಳ್ಕಂಡು ದೂರ ಕುಂದರ್ತೀನಿ. ಆಕಿನ್ನ ಒಂದು ಮಾತು ಕೇಳೋದೈತಿ.”

“ಮಲಗ್ಯಾಳ. ಫೋನ್ ಮಾಡಿ ಕೇಳು.”

“ಫೋನಿನಾಗ ಹೇಳೋ ಮಾತಲ್ಲಪಾ ಅದು.”

ಶೈಲಾ ಮಲಗಿರಲಿಲ್ಲ. ಅಕ್ಕ ಸ್ವಲ್ಪ ಹೊತ್ತು ಮನೆಯ ಬಾಗಿಲನ್ನೇ ನೋಡಿದಳು. ಸಜ್ಜೆ ರೊಟ್ಟಿಯ ಚೀಲವನ್ನು ಗೇಟಿನ ಮೇಲಿಂದ ನನ್ನ ಕೈಗಿಟ್ಟು ಹೊರಟಳು. ಚೀಲವನ್ನು ಒಳಗೆ ಬಿಟ್ಟುಕೊಂಡೆ, ಅಕ್ಕನನ್ನು ಬಿಟ್ಟುಕೊಳ್ಳಲಿಲ್ಲ.

ನಿಜ ಹೇಳಲಾ? ಅವತ್ತು ನನಗೆ ಬೇಜಾರಿಗಿಂತ ಹೆಮ್ಮೆ ಜಾಸ್ತಿ ಇತ್ತು. ರೂಲ್ಸ್ ಅಂದರೆ ರೂಲ್ಸ್! ಶೈಲಾ ಮಾತ್ರ ಮುಖ ಗಂಟಿಕ್ಕಿಕೊಂಡು ಕೇಳಿದಳು: “ಅಕ್ಕಾರು ಅಷ್ಟು ದೂರದಿಂದ ಬಂದಾರ. ನೀರಾದ್ರೂ ಕೊಟ್ರೇನ್ರೀ?”

ಆಮೇಲೆ ಅಕ್ಕ ಫೋನ್ ಮಾಡಲಿಲ್ಲ. ಸಿಟ್ಟಾಗಿದ್ದಾಳೆ, ತಾನಾಗಿ ಇಳಿಯುತ್ತದೆ ಅಂದುಕೊಂಡೆ. ನಾನೂ ಮಾಡಲಿಲ್ಲ. ಎರಡು ತಿಂಗಳು ಹಾಗೇ ಕಳೆಯಿತು.

ನಾಲ್ಕನೇ ಕೀಮೋಗೆ ನಾಲ್ಕು ದಿನ ಇರುವಾಗ ಶೈಲಾ ತಾನೇ ಅಕ್ಕನಿಗೆ ಫೋನ್ ಹಚ್ಚಿದಳು. ಫೋನ್ ಹಿಡಿಯಲು ಕೈಯಲ್ಲಿ ಬಲವಿಲ್ಲದೆ ಸ್ಪೀಕರ್ ಹಾಕಿದ್ದಳು. ನಾನು ಪಕ್ಕದಲ್ಲೇ ಮಾತ್ರೆ ಬಿಡಿಸುತ್ತಿದ್ದೆ. ಊಟ, ನಿದ್ದೆ, ಮಳೆ ಎಲ್ಲ ಮಾತಾಯಿತು. ಆಮೇಲೆ ಅಕ್ಕ ದನಿ ತಗ್ಗಿಸಿದಳು.

“ಶೈಲಾ, ನಿನಗ ಮೊದ್ಲು ಅದು ಗಟ್ಟಿ ಇತ್ತೇನವಾ? ನೋವಿತ್ತೇನು?”

“ನೋವಿರ್ಲಿಲ್ರೀ ಅಕ್ಕಾರ. ಯಾಕ್ರೀ?”

ಅತ್ತ ಕಡೆ ಬಾಗಿಲು ಹಾಕಿದ ಸದ್ದಾಯಿತು.

“ನಂದೂ ನೋವಿಲ್ಲವಾ.”

ಶೈಲಾ ನನ್ನ ಮುಖ ನೋಡಿದಳು. “ಕಾರ್ ತೆಗೀರಿ,” ಅಂದಳು. ಮಾಸ್ಕ್ ಹಾಕಿಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ದೇಶನೂರಿನವರೆಗೂ ಸೀಟಿಗೆ ಬೆನ್ನು ಆನಿಸದೆ ಕೂತಿದ್ದಳು.

ಅಕ್ಕ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಇಲ್ಲ. “ಮಾವಗಾದ್ರೂ ಹೇಳಬೇಕಿಲ್ಲೇನಕ್ಕಾ?” ಎಂದೆ. “ಗಂಡಸ್ರಿಗೆ ಏನಂತ ಹೇಳ್ಲಿ ತಮ್ಮಾ? ಶೈಲಾಗ ಗೊತ್ತಾಗತೈತಿ ಅಂತ ಬಂದಿದ್ದೆ.” ಅಷ್ಟೇ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಬಳ್ಳಾರಿಗೆ ಕರೆದುಕೊಂಡು ಬಂದೆವು. ರಿಪೋರ್ಟ್ ಬಂತು. ಕಂಕುಳಿಗೂ ಹರಡಿದೆ.

“ಯಾವಾಗಿಂದ ಐತಮ್ಮಾ ಈ ಗಂಟು?” ಡಾಕ್ಟರು ಕೇಳಿದರು.

ಅಕ್ಕ ಒಂದು ಸಲ ನನ್ನ ಕಡೆ ನೋಡಿದಳು. “ಮೊನ್ನಿ ಮೊನ್ನಿ ಕಂಡೈತ್ರಿ,” ಅಂದಳು.

ಶೈಲಾ ಗೋಡೆಯ ಕಡೆ ತಿರುಗಿದಳು. ಇಬ್ಬರನ್ನೂ ಹೊರಗೆ ಕೂರಿಸಿ ನಾನೊಬ್ಬನೇ ಮತ್ತೆ ಒಳಗೆ ಹೋದೆ. ಎರಡು ತಿಂಗಳಿಗೂ ಮೇಲಾಗಿದೆ ಸರ್, ಆಕೆ ಬಂದಿದ್ದಳು, ನಾನೇ ಗೇಟು ತೆಗೆಯಲಿಲ್ಲ ಅಂದೆ. ಅವರು ಬರೆದುಕೊಂಡರು.

ಈಗ ಅಕ್ಕ ನಮ್ಮ ಮನೆಯಲ್ಲೇ ಇದ್ದಾಳೆ. ಸೋಮವಾರ ಅವಳ ಮೊದಲ ಕೀಮೋ ಆಯಿತು. ಇಬ್ಬರಿಗೂ ಗಂಜಿ ನಾನೇ ಕಾಯಿಸುತ್ತೇನೆ. ಶೈಲಾ ಅಕ್ಕನ ಪಕ್ಕ ಕೂತು, ಯಾವ ದಿನ ವಾಂತಿ ಜಾಸ್ತಿ, ಯಾವ ದಿನ ಬಾಯಿ ಹುಣ್ಣಾಗುತ್ತದೆ ಎಂದು ಮೆಲ್ಲಗೆ ಹೇಳಿಕೊಡುತ್ತಾಳೆ. ಶೈಲಾಗೆ ‘ಆರು ಕೀಮೋ, ಆಮೇಲೆ ಮುಗೀತು’ ಅಂದಿದ್ದ ಡಾಕ್ಟರು, ಅಕ್ಕನಿಗೆ ‘ಆರು ಆಗಲಿ, ಆಮೇಲೆ ನೋಡೋಣ’ ಅಂದಿದ್ದಾರೆ. ಈ ‘ನೋಡೋಣ’ ಅನ್ನುವ ಮಾತು ನನ್ನನ್ನು ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಬಿಡುತ್ತಿಲ್ಲ.

ಚಿಕ್ಕಮ್ಮನಿಗೆ ಬಾಯಿಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ. ಅಕ್ಕನನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಡಾಕ್ಟರು ಹೇಳಿದ್ದು ಸೋಂಕನ್ನು ಹೊರಗಿಡು ಎಂದು. ನಾನು ಮನುಷ್ಯರನ್ನೇ ಹೊರಗಿಟ್ಟೆ. ಮಾಸ್ಕ್ ಕೊಟ್ಟು, ವರಾಂಡದಲ್ಲಿ ದೂರದ ಕುರ್ಚಿ ಹಾಕಿದ್ದರೆ ಎರಡು ಮಾತಿಗೆ ಹತ್ತು ನಿಮಿಷ ಸಾಕಿತ್ತು.

ಕಾಯಿಲೆಯ ಮನೆಗೆ ಬಂದವರೆಲ್ಲ ‘ಹೆಂಗದಾಳ?’ ಎಂದು ನಮ್ಮನ್ನು ಕೇಳುತ್ತಾರೆ, ‘ನೀನು ಹೆಂಗದಿ?’ ಎಂದು ಅವರನ್ನು ಕೇಳುವವರು ಯಾರು?